ಗಂಟಲು ನೋವು, ಎರಡು ಗೆರೆ, ಹೃದಯದ ಕವಾಟ

ಗೋಕಾಕ ತಾಲ್ಲೂಕಿನ ಮಮದಾಪುರದಂಥ ಊರಲ್ಲಿ ಮಗುವಿಗೆ ಗಂಟಲು ನೋವು ಬಂದರೆ ನಡೆಯುವುದು ಹೆಚ್ಚೂಕಡಿಮೆ ಒಂದೇ ರೀತಿ. ಮೊದಲ ದಿನ ಅರಿಸಿನ ಹಾಲು, ಉಪ್ಪುನೀರಿನ ಮುಕ್ಕಳಿಕೆ. ಮರುದಿನವೂ ಜ್ವರ ಇಳಿಯದಿದ್ದರೆ ದವಾಖಾನಿ. ಅಲ್ಲಿ ಡಾಕ್ಟರು ಬಾಯಿ ತೆಗೆಸಿ ನೋಡುವ ಮೊದಲೇ ಅಪ್ಪನೋ ಅಜ್ಜಿಯೋ ‘ಒಂದ್ ಸೂಜಿ ಮಾಡಿಬಿಡ್ರಿ ಡಾಕ್ಟರ್ರ, ನಾಳಿ ಸಾಲಿಗೆ ಹೋಗಬೇಕು’ ಅನ್ನುತ್ತಾರೆ. ಅಷ್ಟಕ್ಕೂ ಪುರಸೊತ್ತಿಲ್ಲದವರು ಮೆಡಿಕಲ್ ಅಂಗಡಿಗೆ ಹೋಗಿ ಮೂರು ಗುಳಗಿಯ ಅಜಿಥ್ರೊಮೈಸಿನ್ ಪಾಕೀಟು ತರುತ್ತಾರೆ. ನಾಲ್ಕನೆಯ ದಿನ ಮಗು ಓಣಿಯಲ್ಲಿ ಆಡುತ್ತಿರುತ್ತದೆ. ಔಷಧಿ ಕೆಲಸ ಮಾಡಿತು ಎಂದು ಎಲ್ಲರೂ ನಂಬುತ್ತಾರೆ. ಆ ಗಂಟಲಲ್ಲಿ ಇದ್ದದ್ದು ಏನು ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.

ಕೇಳುವುದಕ್ಕೆ ಸಾಧನ ಇಲ್ಲವೆಂದೇನಲ್ಲ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಹದಿನೈದು ನಿಮಿಷದಲ್ಲಿ ಉತ್ತರ ಹೇಳಿದ ಕಾರ್ಡನ್ನು ನಾವೆಲ್ಲ ನೋಡಿದ್ದೇವೆ. ಅದೇ ಜಾತಿಯ ಕಾರ್ಡು ಗಂಟಲಿನ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಕ್ಕೂ ಇದೆ. ಅದು ಬಳಕೆಗೆ ಬಂದದ್ದು 1980ರ ದಶಕದಲ್ಲಿ. ಅಮೆರಿಕ ಸೇರಿದ ನಮ್ಮ ಕಡೆಯವರ ಮನೆಗಳಲ್ಲಿ ಇದು ಮಾಮೂಲು ಸಂಗತಿ. ಮಗುವಿಗೆ ಗಂಟಲು ಕೆಂಪಾದರೆ ಕ್ಲಿನಿಕ್ಕಿಗೆ ಒಯ್ಯುತ್ತಾರೆ, ಹತ್ತು ನಿಮಿಷ ಕಾಯುತ್ತಾರೆ, ‘ಸ್ಟ್ರೆಪ್ ನೆಗೆಟಿವ್ ಬಂತು, ಔಷಧಿ ಕೊಡಲಿಲ್ಲ’ ಎಂದು ಊರಿಗೆ ಫೋನು ಮಾಡುತ್ತಾರೆ. ಇತ್ತ ಅಜ್ಜಿಗೆ ಸಿಟ್ಟು: ಅಷ್ಟು ದೊಡ್ಡ ದೇಶದಾಗ ಒಂದ್ ಗುಳಗಿ ಕೊಡೂದಿಲ್ಲೇನು? ಫ್ರಾನ್ಸಿನಲ್ಲಂತೂ ಸರ್ಕಾರಿ ವಿಮೆಯೇ ಈ ಕಾರ್ಡುಗಳನ್ನು ಡಾಕ್ಟರರಿಗೆ ಪುಕ್ಕಟೆ ಹಂಚುತ್ತದೆ. ನಮ್ಮ ಹಳ್ಳಿಗಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದು ಸಾಮಾನ್ಯವಾಗಿ ಸಿಗದು.

ಸಿಗಬೇಕು ಎಂಬುದು ನನ್ನ ವಾದ. ಆದರೆ ಕಾರ್ಡು ಬಂದ ಮಾತ್ರಕ್ಕೆ ಉಪಕಾರವಾಗುತ್ತದೆ ಎಂದು ನಾನು ನಂಬುವುದಿಲ್ಲ. ಯಾರಿಗೆ ಮಾಡಬೇಕು, ಯಾವಾಗ ಮಾಡಬೇಕು, ಉತ್ತರ ಬಂದ ಮೇಲೆ ಏನು ಮಾಡಬೇಕು ಎಂಬುದು ರೋಗಿಯ ಮನೆಯವರಿಗೂ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಇದೂ ಲ್ಯಾಬಿನ ಬಿಲ್ಲಿಗೆ ಸೇರುವ ಇನ್ನೊಂದು ಸಾಲಾಗುತ್ತದೆ. ಹಾಗೆ ಸೇರಿಕೊಂಡ ಒಂದು ಪರೀಕ್ಷೆ ನಮ್ಮಲ್ಲಿ ಈಗಾಗಲೇ ಇದೆ. ಅದರ ಸುದ್ದಿಗೆ ಮುಂದೆ ಬರುತ್ತೇನೆ.

ಮೊದಲು ಮೂಲ ಪ್ರಶ್ನೆ. ಗಂಟಲು ನೋವಿನ ಬಹುಪಾಲು ವೈರಸ್ಸಿನದು. ಮಕ್ಕಳಲ್ಲಿ 100ಕ್ಕೆ 20ರಿಂದ 30, ದೊಡ್ಡವರಲ್ಲಿ 5ರಿಂದ 15 ಮಾತ್ರ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್‌ನಿಂದ ಬಂದದ್ದು. ಆ ಸ್ಟ್ರೆಪ್ ಕೂಡ ಒಂದು ವಾರದಲ್ಲಿ ತಾನಾಗಿ ಇಳಿಯುತ್ತದೆ. ಆಂಟಿಬಯೋಟಿಕ್ ಕೊಟ್ಟರೆ ನೋವು ಸುಮಾರು ಒಂದು ದಿನ ಮೊದಲು ಹೋಗಬಹುದು, ಅಷ್ಟೇ. ತಾನಾಗಿ ಹೋಗುವ ರೋಗವನ್ನು ಹುಡುಕಿ ಹಿಡಿಯುವ ಈ ಹಟ ಯಾಕೆ?

ಹೃದಯದ ಸಲುವಾಗಿ. ಗಂಟಲು ವಾಸಿಯಾಗಿ ಎರಡು ಮೂರು ವಾರ ಕಳೆದ ಮೇಲೆ, ಎಲ್ಲರೂ ಅದನ್ನು ಮರೆತಿರುವಾಗ, ಕೆಲವು ಮಕ್ಕಳಿಗೆ ಮತ್ತೆ ಜ್ವರ ಬರುತ್ತದೆ. ಮೊಣಕಾಲು ಊದುತ್ತದೆ, ಅದು ಇಳಿಯುವಷ್ಟರಲ್ಲಿ ಪಾದದ ಕೀಲು, ಆಮೇಲೆ ಮೊಣಕೈ. ಇದೇ ರುಮ್ಯಾಟಿಕ್ ಜ್ವರ. ಸ್ಟ್ರೆಪ್ ವಿರುದ್ಧ ದೇಹ ಕಟ್ಟಿದ ಸೈನ್ಯ ತನ್ನದೇ ಹೃದಯದ ಕವಾಟಗಳ ಮೇಲೆ ತಿರುಗಿ ಬೀಳುವುದರಿಂದ ಬರುವ ಕಾಯಿಲೆ. 5ರಿಂದ 15 ವರ್ಷದ ಮಕ್ಕಳನ್ನು ಇದು ಹೆಚ್ಚಾಗಿ ಹಿಡಿಯುತ್ತದೆ. ಕೀಲುಗಳು ಕಲೆ ಇಲ್ಲದೆ ಗುಣವಾಗುತ್ತವೆ, ಕವಾಟ ಗುಣವಾಗದು. ಅದು ದಪ್ಪವಾಗಿ, ಬೆಸೆದುಕೊಂಡು, ವರ್ಷಗಳ ಮೇಲೆ ಕಿರಿದಾಗುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ತಿಳಿಯುವುದು ಮದುವೆಯಾಗಿ ಬಸಿರಾದಾಗ. ಐದಾರು ತಿಂಗಳಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತದೆ, ರಾತ್ರಿ ಮಲಗಲಾಗುವುದಿಲ್ಲ, ಬೆಳಗಾವಿಗೆ ಓಡಿಸುತ್ತಾರೆ, ಎಕೋ ಮಾಡಿದಾಗ ಮೈಟ್ರಲ್ ಕವಾಟ ಕಿರಿದಾಗಿದೆ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದಿತ್ತೇ ಎಂದು ಕೇಳಿದರೆ ಯಾರಿಗೆ ನೆನಪಿರುತ್ತದೆ?

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಹೆಸರು ಮಾಡಿದ ಕೆಲಸಗಳಲ್ಲಿ ಒಂದು, ಇಂಥ ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸುವುದು. ಜಪಾನಿನ ಕಾಂಜಿ ಇನೌಯೆ ಕಂಡುಹಿಡಿದು 1984ರಲ್ಲಿ ಪ್ರಕಟಿಸಿದ ವಿಧಾನ ಅದು. ಎದೆ ಸೀಳದೆ ಸಾವಿರಾರು ಜೀವ ಉಳಿದಿವೆ. ಆ ಸಾಧನೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದ್ದೇ. ಆದರೆ ಒಂದು ಆಸ್ಪತ್ರೆಗೆ ಇಷ್ಟೊಂದು ಬಲೂನುಗಳ ಅಗತ್ಯ ಬಿತ್ತೆಂದರೆ, ಹತ್ತಿಪ್ಪತ್ತು ವರ್ಷ ಹಿಂದೆ ಅಷ್ಟೇ ಗಂಟಲುಗಳನ್ನು ಯಾರೋ ಸರಿಯಾಗಿ ನೋಡಲಿಲ್ಲ ಎಂದೂ ಅರ್ಥ. ಬಲೂನು ಒಗ್ಗದವರಿಗೆ ಕೃತಕ ಕವಾಟ. ಅದು ಲೋಹದ್ದಾದರೆ ಜೀವನಪೂರ್ತಿ ರಕ್ತ ತೆಳುವಾಗಿಸುವ ಗುಳಗಿ, ಅದರ ಪ್ರಮಾಣ ನೋಡಿಕೊಳ್ಳಲು ಮತ್ತೆ ಮತ್ತೆ ರಕ್ತ ಪರೀಕ್ಷೆ. ಜಗತ್ತಿನಲ್ಲಿ 4 ಕೋಟಿಗೂ ಹೆಚ್ಚು ಜನ ರುಮ್ಯಾಟಿಕ್ ಹೃದ್ರೋಗ ಹೊತ್ತು ಬದುಕುತ್ತಿದ್ದಾರೆ. ವರ್ಷಕ್ಕೆ ಸುಮಾರು 3 ಲಕ್ಷ ಜನ ಸಾಯುತ್ತಾರೆ. ಶ್ರೀಮಂತ ದೇಶಗಳಿಂದ ಹೆಚ್ಚೂಕಡಿಮೆ ಕಾಲ್ತೆಗೆದ ಈ ರೋಗ ಉಳಿದುಕೊಂಡಿರುವುದು ನಮ್ಮಂಥವರಲ್ಲಿ. ವಿಶ್ವ ಆರೋಗ್ಯ ಸಭೆ ಇದರ ಮೇಲೆ ಪ್ರತ್ಯೇಕ ನಿರ್ಣಯ ಕೈಗೊಂಡದ್ದು 2018ರಲ್ಲಿ, ಅಂದರೆ ಬಹಳ ತಡವಾಗಿ.

ಇದನ್ನು ತಡೆಯಬಹುದೆಂದು ಗೊತ್ತಾದದ್ದು ಮಾತ್ರ ಬಹಳ ಹಿಂದೆ. ಎರಡನೆಯ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ, ಅಮೆರಿಕದ ವಯೋಮಿಂಗ್ ರಾಜ್ಯದ ವಾರನ್ ಸೇನಾನೆಲೆಯಲ್ಲಿ ಸೈನಿಕರಿಗೆ ಗುಂಪುಗುಂಪಾಗಿ ಸ್ಟ್ರೆಪ್ ತಗಲಿತ್ತು. ಅಲ್ಲಿನ ವೈದ್ಯರು ಪೆನಿಸಿಲಿನ್ ಕೊಟ್ಟವರನ್ನೂ ಕೊಡದವರನ್ನೂ ಹೋಲಿಸಿ ನೋಡಿ 1950ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂಥ ಸಾಂಕ್ರಾಮಿಕದ ನಡುವೆ ಚಿಕಿತ್ಸೆ ಇಲ್ಲದವರಲ್ಲಿ 100ಕ್ಕೆ ಸುಮಾರು 3 ಜನರಿಗೆ ರುಮ್ಯಾಟಿಕ್ ಜ್ವರ ಬರುತ್ತಿತ್ತು, ಪೆನಿಸಿಲಿನ್ ಪಡೆದವರಲ್ಲಿ ಅದು ಬಹಳ ಮಟ್ಟಿಗೆ ನಿಂತಿತು. ಸಾಮಾನ್ಯ ಕಾಲದಲ್ಲಿ ಈ ಅಪಾಯ 1000ಕ್ಕೆ 3ರಷ್ಟು ಎಂದು ಲೆಕ್ಕ ಹಾಕುತ್ತಾರೆ. ಕಡಿಮೆಯೇ, ಆದರೆ ಮಕ್ಕಳಿಗೆ ಗಂಟಲು ನೋವು ಬರುವುದು ವರ್ಷಕ್ಕೊಂದೆರಡು ಸಲ, ಮತ್ತೆ ಮಕ್ಕಳಿರುವುದು ಲಕ್ಷಗಟ್ಟಲೆ.

ಆ ಕಾಲದ ಅಧ್ಯಯನಗಳಿಂದಲೇ ಇನ್ನೊಂದು ಸಂಗತಿ ತಿಳಿಯಿತು. ತಂದೆತಾಯಿಗಳಿಗೆ ಅದು ಎಲ್ಲಕ್ಕಿಂತ ಹೆಚ್ಚು ಉಪಯೋಗದ್ದು. ಗಂಟಲು ನೋವು ಶುರುವಾದ 9 ದಿನದೊಳಗೆ ಪೆನಿಸಿಲಿನ್ ಶುರು ಮಾಡಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಅಂದರೆ ಮೊದಲ ದಿನವೇ ಸೂಜಿ ಬೇಕೆಂಬ ಗಡಿಬಿಡಿಗೆ ಆಧಾರವಿಲ್ಲ. ಪರೀಕ್ಷೆ ಮಾಡಲು, ಬೇಕಿದ್ದರೆ ಬೆಳಗಾವಿಯ ಲ್ಯಾಬಿಗೆ ಗಂಟಲ ದ್ರವ ಕಳಿಸಿ ಎರಡು ದಿನ ಕಾಯಲು ಸಮಯವಿದೆ. ಹಾಗೆಂದು ‘ತಾನಾಗಿ ಹೋಗುತ್ತದೆ ಬಿಡು’ ಎಂದು ಹದಿನೈದು ದಿನ ಕೂರುವಷ್ಟು ಸಮಯವಿಲ್ಲ.

ಕಾರ್ಡು ಕೆಲಸ ಮಾಡುವ ಬಗೆ ಸರಳ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿದ್ದ ರೆಬೆಕಾ ಲ್ಯಾನ್ಸ್‌ಫೀಲ್ಡ್ 1933ರಲ್ಲಿ ಸ್ಟ್ರೆಪ್ಟೊಕಾಕಸ್‌ಗಳನ್ನು ಅವುಗಳ ಗೋಡೆಯ ಮೇಲಿನ ಒಂದು ಸಕ್ಕರೆ ಪದಾರ್ಥದ ಆಧಾರದಲ್ಲಿ ಎ, ಬಿ, ಸಿ ಎಂದು ವಿಂಗಡಿಸಿದರು. ಕಾರ್ಡು ಹುಡುಕುವುದು ಆ ‘ಎ’ ಗುಂಪಿನ ಸಕ್ಕರೆಯನ್ನು. ಗಂಟಲಿಗೆ ಒರೆಸಿದ ಕಡ್ಡಿಯನ್ನು ಎರಡು ದ್ರವ ಬೆರೆಸಿದ ಪುಟ್ಟ ನಳಿಕೆಯಲ್ಲಿ ಅದ್ದಿದಾಗ ಬ್ಯಾಕ್ಟೀರಿಯಾದ ಗೋಡೆಯಿಂದ ಅದು ಬಿಡುಗಡೆಯಾಗುತ್ತದೆ. ಪಟ್ಟಿಯ ಮೇಲೆ ಹರಿದು, ಇದ್ದರೆ ಎರಡು ಗೆರೆ, ಇಲ್ಲದಿದ್ದರೆ ಒಂದೇ ಗೆರೆ. ಐದರಿಂದ ಹತ್ತು ನಿಮಿಷದ ಕೆಲಸ. ಒಂದೂ ಗೆರೆ ಬರಲಿಲ್ಲವೆಂದರೆ ಅದು ನೆಗೆಟಿವ್ ಅಲ್ಲ, ಕಾರ್ಡೇ ಕೆಟ್ಟಿದೆ.

ಎಷ್ಟು ನಂಬಬಹುದು? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ, ಮಕ್ಕಳಲ್ಲಿ ಸ್ಟ್ರೆಪ್ ಇದ್ದಾಗ ಇದೆ ಎನ್ನುವ ಶಕ್ತಿ ಸುಮಾರು ಶೇ 86, ಇಲ್ಲದಾಗ ಇಲ್ಲ ಎನ್ನುವ ಶಕ್ತಿ ಸುಮಾರು ಶೇ 95. ಶೇಕಡಾವಾರು ಹೀಗೆ ಹೇಳಿದರೆ ತಲೆಗೆ ಹತ್ತುವುದಿಲ್ಲ, ಆದ್ದರಿಂದ ಮಕ್ಕಳನ್ನೇ ಎಣಿಸೋಣ. ಗಂಟಲು ನೋವಿನ 100 ಮಕ್ಕಳಲ್ಲಿ 25 ಮಂದಿಗೆ ಸ್ಟ್ರೆಪ್ ಇದೆಯೆನ್ನಿ. ಕಾರ್ಡು 21 ಮಂದಿಯನ್ನು ಹಿಡಿಯುತ್ತದೆ, ನಾಲ್ವರನ್ನು ಬಿಟ್ಟುಬಿಡುತ್ತದೆ. ಸ್ಟ್ರೆಪ್ ಇಲ್ಲದ 75 ಮಂದಿಯಲ್ಲಿ ನಾಲ್ವರಿಗೆ ಸುಮ್ಮನೆ ಎರಡು ಗೆರೆ ತೋರಿಸುತ್ತದೆ. ಈಗ ಪರೀಕ್ಷೆ ಇಲ್ಲದೆ ನಡೆಯುವುದನ್ನು ಪಕ್ಕದಲ್ಲಿಡಿ: ನೂರೂ ಮಕ್ಕಳಿಗೆ ಆಂಟಿಬಯೋಟಿಕ್, ಅದೂ ಬಹಳ ಸಲ ತಪ್ಪಾದದ್ದು, ಅರ್ಧಂಬರ್ಧ ದಿನಕ್ಕೆ. ಕಾರ್ಡು ಬಂದರೆ 25 ಮಂದಿಗೆ ಮಾತ್ರ ಔಷಧಿ. ಬಿಟ್ಟುಹೋದ ಆ ನಾಲ್ವರ ಸಲುವಾಗಿಯೇ ಅಮೆರಿಕದ ಮಾರ್ಗಸೂಚಿ, ಮಕ್ಕಳಲ್ಲಿ ಕಾರ್ಡು ನೆಗೆಟಿವ್ ಬಂದರೆ ಗಂಟಲ ದ್ರವದ ಕಲ್ಚರ್ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಕೂಡ ಮಾಡಿ ನೋಡಿ ಎನ್ನುತ್ತದೆ. ದೊಡ್ಡವರಲ್ಲಿ ರುಮ್ಯಾಟಿಕ್ ಜ್ವರ ಹೊಸದಾಗಿ ಬರುವುದು ಅಪರೂಪವಾದ್ದರಿಂದ ಅಲ್ಲಿ ಕಲ್ಚರ್ ಬೇಡ ಎನ್ನುತ್ತದೆ. ದೊಡ್ಡವರಿಗೆ ಇದೇ ಲೆಕ್ಕ ಹಾಕಿದರೆ ಕಾರ್ಡಿನ ಬಣ್ಣ ಇನ್ನೂ ಮಾಸುತ್ತದೆ: 100ರಲ್ಲಿ ಹತ್ತೇ ಜನಕ್ಕೆ ಸ್ಟ್ರೆಪ್ ಇದ್ದರೆ, ಎರಡು ಗೆರೆ ಬಂದ ಪ್ರತಿ ಮೂವರಲ್ಲಿ ಒಬ್ಬರಿಗೆ ಅದು ಸುಳ್ಳು ಗೆರೆ.

ಆದ್ದರಿಂದ ಯಾರಿಗೆ ಮಾಡಬೇಕು ಎಂಬುದೇ ಕಾರ್ಡಿಗಿಂತ ದೊಡ್ಡ ಪ್ರಶ್ನೆ. 1981ರಲ್ಲಿ ರಾಬರ್ಟ್ ಸೆಂಟರ್ ಎಂಬ ವೈದ್ಯರೂ ಅವರ ಜೊತೆಗಾರರೂ ನಾಲ್ಕು ಗುರುತು ಹೇಳಿದರು: ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವು, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು, ಮತ್ತು ಕೆಮ್ಮು ಇಲ್ಲದಿರುವುದು. ಆಮೇಲೆ ವಯಸ್ಸನ್ನೂ ಸೇರಿಸಿದರು. ನಾಲ್ಕನೆಯದನ್ನು ನಮ್ಮ ತಾಯಂದಿರು ನೆನಪಿಟ್ಟುಕೊಂಡರೆ ಅರ್ಧ ಕೆಲಸವಾದಂತೆ. ಮೂಗು ಸೋರುತ್ತಿದೆ, ಕೆಮ್ಮಿದೆ, ಧ್ವನಿ ಒಡೆದಿದೆ, ಕಣ್ಣು ಕೆಂಪಾಗಿದೆ ಎಂದರೆ ಅದು ವೈರಸ್ಸಿನ ಗಂಟಲು. ಅಂಥ ಮಗುವಿಗೆ ಈ ಪರೀಕ್ಷೆಯನ್ನೇ ಮಾಡಿಸಬೇಡಿ. ಯಾಕೆಂದರೆ ಶಾಲೆಗೆ ಹೋಗುವ ಆರೋಗ್ಯವಂತ ಮಕ್ಕಳಲ್ಲೇ 100ಕ್ಕೆ ಸುಮಾರು 12 ಮಂದಿಯ ಗಂಟಲಲ್ಲಿ ಸ್ಟ್ರೆಪ್ ಸುಮ್ಮನೆ ಮನೆ ಮಾಡಿಕೊಂಡಿರುತ್ತದೆ, ಏನೂ ಮಾಡುವುದಿಲ್ಲ. ನೆಗಡಿ ಬಂದ ದಿನ ಅಂಥ ಮಗುವಿಗೆ ಕಾರ್ಡು ಹಿಡಿದರೆ ಎರಡು ಗೆರೆ ಬರುತ್ತದೆ. ನೆಗಡಿಗೆ ಹತ್ತು ದಿನದ ಔಷಧಿ ಶುರುವಾಗುತ್ತದೆ. ಇದೇ ಕಾರಣಕ್ಕೆ, ಚಿಕಿತ್ಸೆ ಮುಗಿದು ಮಗು ಚೆನ್ನಾಗಿರುವಾಗ ‘ಹೋಯಿತೋ ಇಲ್ಲವೋ ನೋಡೋಣ’ ಎಂದು ಮತ್ತೆ ಪರೀಕ್ಷೆ ಮಾಡಿಸುವುದೂ ಬೇಡ. ಮೂರು ವರ್ಷದೊಳಗಿನ ಕೂಸುಗಳಿಗೂ ಸಾಮಾನ್ಯವಾಗಿ ಬೇಕಿಲ್ಲ.

ಮಾಡಿಸುವುದಾದರೆ ಸರಿಯಾಗಿ ಮಾಡಿಸಬೇಕು. ಕಡ್ಡಿ ಎರಡೂ ಟಾನ್ಸಿಲ್‌ಗೆ ಮತ್ತು ಹಿಂದಿನ ಗೋಡೆಗೆ ಒರೆಸಬೇಕು. ನಾಲಗೆಗೆ, ಗಲ್ಲದ ಒಳಭಾಗಕ್ಕೆ ತಾಗಿದರೆ ಕೆಟ್ಟಿತು. ಮಗುವಿಗೆ ವಾಕರಿಕೆ ಬರುತ್ತದೆ, ಅಳುತ್ತದೆ. ‘ಸಾಕು ಬಿಡ್ರಿ, ಪಾಪ’ ಎಂದು ಕೈ ಹಿಡಿಯುವ ಅಜ್ಜನಿಂದ ಎಷ್ಟು ಪರೀಕ್ಷೆ ಸುಳ್ಳಾಗುತ್ತವೋ ಲೆಕ್ಕವಿಲ್ಲ. ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ತಲೆ ಗಟ್ಟಿ ಹಿಡಿದರೆ ಐದು ಸೆಕೆಂಡಿನ ಕೆಲಸ. ಇನ್ನೊಂದು ಮಾತು: ಪರೀಕ್ಷೆಗೆ ಮೊದಲೇ ಎರಡು ಗುಳಗಿ ಆಂಟಿಬಯೋಟಿಕ್ ನುಂಗಿಸಿದ್ದರೆ ಅದನ್ನು ಡಾಕ್ಟರರಿಗೆ ಬಚ್ಚಿಡದೆ ಹೇಳಿ. ಅಂಥ ಗಂಟಲಿನಲ್ಲಿ ನೆಗೆಟಿವ್ ಬಂದರೆ ಅದಕ್ಕೆ ಬೆಲೆಯಿಲ್ಲ.

ನಮ್ಮ ಸೀಮೆಗೆ ವಿಶೇಷವಾಗಿ ಹೇಳಬೇಕಾದ ಎಚ್ಚರಿಕೆಯೊಂದಿದೆ. ಪರದೇಶದ ಪುಸ್ತಕಗಳಲ್ಲಿ ಅದು ಒಂದು ಸಾಲಿನಲ್ಲಿ ಮುಗಿದಿರುತ್ತದೆ. ಗಂಟಲಮಾರಿ ಇನ್ನೂ ಉತ್ತರ ಕರ್ನಾಟಕ ಬಿಟ್ಟು ಹೋಗಿಲ್ಲ. ಟಾನ್ಸಿಲ್ ಮೇಲೆ ಬೂದುಬಣ್ಣದ ಪೊರೆ ಅಂಟಿಕೊಂಡಿದ್ದರೆ, ಕೆರೆದರೆ ರಕ್ತ ಬಂದರೆ, ಕತ್ತು ಎತ್ತಿನ ಕತ್ತಿನ ಹಾಗೆ ಊದಿದ್ದರೆ, ಸ್ಟ್ರೆಪ್ ಕಾರ್ಡು ಏನೇ ಹೇಳಲಿ, ಮಗು ಆ ಕ್ಷಣವೇ ದೊಡ್ಡ ಆಸ್ಪತ್ರೆಯಲ್ಲಿರಬೇಕು. ಕಾರ್ಡಿಗೆ ಸ್ಟ್ರೆಪ್ ಬಿಟ್ಟು ಬೇರೇನೂ ಗೊತ್ತಿಲ್ಲ. ನೆಗೆಟಿವ್ ಎಂದರೆ ‘ಏನೂ ಇಲ್ಲ’ ಎಂದು ಓದಿಕೊಳ್ಳುವುದು ಇಲ್ಲಿ ಜೀವಕ್ಕೆ ಎರವಾಗಬಹುದು. ಹಾಗೆಯೇ ಜೊಲ್ಲು ನುಂಗಲಾಗದೆ ಸುರಿಯುತ್ತಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಉಸಿರಿಗೆ ಕಷ್ಟವಾಗುತ್ತಿದ್ದರೆ ಅಲ್ಲಿ ಪರೀಕ್ಷೆಗೆ ಕಾಯುವ ಮಾತೇ ಇಲ್ಲ. ಗಂಟಲಮಾರಿಗೆ ಲಸಿಕೆ ಇದೆ, ಅಂಗನವಾಡಿಯಲ್ಲೂ ಶಾಲೆಯಲ್ಲೂ ಪುಕ್ಕಟೆ ಹಾಕುತ್ತಾರೆ. ಒಂದೂವರೆ ವರ್ಷದ್ದನ್ನು ಹಾಕಿಸಿ 5-6 ವರ್ಷದ್ದನ್ನೂ, 10 ಮತ್ತು 16ರದ್ದನ್ನೂ ಮರೆಯುವ ಮನೆಗಳೇ ಹೆಚ್ಚು.

ಈಗ ಲ್ಯಾಬಿನ ಆ ಇನ್ನೊಂದು ಪರೀಕ್ಷೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವ ಲ್ಯಾಬಿಗೆ ಹೋದರೂ ಎಎಸ್‌ಒ ಎಂಬ ರಕ್ತ ಪರೀಕ್ಷೆ ಸಿಗುತ್ತದೆ. ಗಂಟಲಿನ ಕಾರ್ಡು ಸಿಗದ ಕಡೆಯೂ ಇದು ಸಿಗುವುದು ನಮ್ಮ ವೈದ್ಯಕೀಯದ ವಿಚಿತ್ರ. ರಾತ್ರಿ ಮಲಗುವಾಗ ‘ಅವ್ವಾ, ಕಾಲ ಸೆಳಿತಾವ’ ಎಂದು ಅಳುವ ಮಗುವನ್ನು ತೋರಿಸಲು ಹೋದರೆ ಎಎಸ್‌ಒ ಬರೆದುಕೊಡುತ್ತಾರೆ. ವರದಿಯಲ್ಲಿ 200ರ ಮುಂದೆ ದಪ್ಪಕ್ಷರದಲ್ಲಿ 400 ಎಂದು ಬರುತ್ತದೆ. ಮನೆಯವರ ಎದೆ ಒಡೆಯುತ್ತದೆ. ಅಲ್ಲಿಂದ 21 ದಿನಕ್ಕೊಂದು ಪೆನಿಡ್ಯೂರ್ (ಬೆಂಜಥೀನ್ ಪೆನಿಸಿಲಿನ್) ಸೂಜಿ, ವರ್ಷಗಟ್ಟಲೆ. ಮಗುವಿಗೆ ಹೃದ್ರೋಗವಿದೆ ಎಂಬ ಗುಸುಗುಸು ಓಣಿಯಲ್ಲಿ ಹಬ್ಬುತ್ತದೆ. ಹೆಣ್ಣುಮಗುವಾದರೆ ಆ ಮಾತು ಮದುವೆಯವರೆಗೂ ಬೆನ್ನು ಬಿಡುವುದಿಲ್ಲ.

ಎಎಸ್‌ಒ ಹೇಳುವುದು ಇಷ್ಟೇ: ಈ ದೇಹ ಇತ್ತೀಚೆಗೆ ಯಾವಾಗಲೋ ಸ್ಟ್ರೆಪ್ಟೊಕಾಕಸ್ ಅನ್ನು ಎದುರಿಸಿದೆ. ಸೋಂಕು ತಗಲಿ ಒಂದು ವಾರದ ಮೇಲೆ ಅದು ಏರತೊಡಗಿ, ಮೂರರಿಂದ ಐದು ವಾರಕ್ಕೆ ತುದಿ ಮುಟ್ಟಿ, ತಿಂಗಳುಗಟ್ಟಲೆ ಅಲ್ಲೇ ಸುಳಿದಾಡುತ್ತದೆ. ಆದ್ದರಿಂದ ಇವತ್ತಿನ ಗಂಟಲು ನೋವಿಗೆ ಸ್ಟ್ರೆಪ್ ಕಾರಣವೇ ಎಂದು ಇದರಿಂದ ಹೇಳಲು ಬರುವುದಿಲ್ಲ. ಸ್ಟ್ರೆಪ್ ಓಡಾಡುವ ನಮ್ಮಂಥ ಊರುಗಳಲ್ಲಿ ಆಟವಾಡಿಕೊಂಡಿರುವ ಎಷ್ಟೋ ಮಕ್ಕಳಲ್ಲಿ ಇದು 200 ದಾಟಿರುತ್ತದೆ. ರುಮ್ಯಾಟಿಕ್ ಜ್ವರವನ್ನು ಗುರುತಿಸಲು 1944ರಲ್ಲಿ ಡಕೆಟ್ ಜೋನ್ಸ್ ಹಾಕಿಕೊಟ್ಟ, 2015ರಲ್ಲಿ ತಿದ್ದುಪಡಿಯಾದ ಒಂದು ಕ್ರಮವಿದೆ. ಅದರಲ್ಲಿ ಊದಿದ ಕೀಲು, ಹೃದಯದ ಉರಿ, ಕೈಕಾಲು ತಾವಾಗಿ ಕುಣಿಯುವುದು ಮೊದಲಾದ ಲಕ್ಷಣಗಳು ಮುಖ್ಯ. ಎಎಸ್‌ಒ ಬರೀ ಸಾಕ್ಷಿಯ ಜಾಗದಲ್ಲಿದೆ. ಆರೋಪವೇ ಇಲ್ಲದೆ ಸಾಕ್ಷಿಯೊಂದನ್ನೇ ಹಿಡಿದು ಶಿಕ್ಷೆ ಕೊಡುತ್ತಿದ್ದೇವೆ. ನಿಮ್ಮ ಮಗುವಿಗೆ ಎಎಸ್‌ಒ ಆಧಾರದ ಮೇಲೆ ಸೂಜಿ ಶುರು ಮಾಡಬೇಕೆಂದರೆ, ‘ಎಕೋ ಮಾಡಿಸೋಣೇನ್ರಿ ಡಾಕ್ಟರ್ರ?’ ಎಂದು ಕೇಳಿ. ಎಕೋದಲ್ಲಿ ಕವಾಟ ಕೆಟ್ಟಿರುವುದು ಕಂಡರೆ, ಅಥವಾ ರುಮ್ಯಾಟಿಕ್ ಜ್ವರ ಖಚಿತವಾಗಿದ್ದರೆ, ಆಗ ಆ ಸೂಜಿಯನ್ನು ಒಂದೂ ತಪ್ಪಿಸಬೇಡಿ; ಇನ್ನೊಂದು ಸ್ಟ್ರೆಪ್ ಸೋಂಕು ಆ ಕವಾಟವನ್ನು ಇನ್ನಷ್ಟು ಹಾಳು ಮಾಡದಂತೆ ಕಾಯುವುದು ಅದೇ. ಈಗಾಗಲೇ ಸೂಜಿ ನಡೆಯುತ್ತಿರುವವರು ಈ ಲೇಖನ ಓದಿ ತಾವಾಗಿ ನಿಲ್ಲಿಸುವುದೂ ಬೇಡ, ಹೃದ್ರೋಗ ತಜ್ಞರಿಗೆ ತೋರಿಸಿಯೇ ತೀರ್ಮಾನಿಸಿ.

ಗಂಟಲಿನ ಕಾರ್ಡು ಪಾಸಿಟಿವ್ ಬಂದರೆ ಔಷಧಿ ಹಳೆಯದೇ. ಎಂಟು ದಶಕ ಬಳಸಿದ ಮೇಲೂ ಗ್ರೂಪ್ ಎ ಸ್ಟ್ರೆಪ್ ಪೆನಿಸಿಲಿನ್‌ಗೆ ಬಗ್ಗುತ್ತಲೇ ಇದೆ. ಬ್ಯಾಕ್ಟೀರಿಯಾಗಳ ಲೋಕದಲ್ಲಿ ಇದು ಅಪರೂಪ. ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಹತ್ತು ದಿನ ಪೂರ್ತಿ, ಇಲ್ಲವೇ ಬೆಂಜಥೀನ್ ಪೆನಿಸಿಲಿನ್‌ನ ಒಂದೇ ಸೂಜಿ: 27 ಕಿಲೋ ಒಳಗಿನ ಮಗುವಿಗೆ 6 ಲಕ್ಷ ಯೂನಿಟ್, ಮೇಲಿನವರಿಗೆ 12 ಲಕ್ಷ. ಜನ ಇಷ್ಟಪಟ್ಟು ತರುವ ಮೂರು ಗುಳಗಿಯ ಅಜಿಥ್ರೊಮೈಸಿನ್ ಮೊದಲ ಆಯ್ಕೆಯಲ್ಲ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅದನ್ನು ಕೊಡುವುದಿದೆ, ಆಗಲೂ ಐದು ದಿನ. ಜೊತೆಗೆ ಅದಕ್ಕೆ ಪ್ರತಿರೋಧ ಬೆಳೆಸಿಕೊಂಡ ಸ್ಟ್ರೆಪ್ ಇದೆ. ಮೂರನೆಯ ದಿನ ಜ್ವರ ಬಿಟ್ಟಿತೆಂದು ಉಳಿದ ಗುಳಗಿಯನ್ನು ಕಪಾಟಿನಲ್ಲಿಟ್ಟು ಮುಂದಿನ ಸಲ ತಂಗಿಗೆ ಕೊಡುವ ನಮ್ಮ ಜಾಣತನವೇ ಕವಾಟಕ್ಕೆ ಶತ್ರು. ಔಷಧಿ ಶುರುವಾಗಿ ಒಂದು ದಿನ ಕಳೆದರೆ, ಜ್ವರವಿಲ್ಲದಿದ್ದರೆ, ಮಗು ಶಾಲೆಗೆ ಹೋಗಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಬಲವಾದ ಆಕ್ಷೇಪ ಉಳಿಯುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ರುಮ್ಯಾಟಿಕ್ ಜ್ವರ ಹೆಚ್ಚಿರುವ ಕಡೆ ಪರೀಕ್ಷೆಯೇ ಯಾಕೆ, ಲಕ್ಷಣ ನೋಡಿ ಸೂಜಿ ಕೊಟ್ಟುಬಿಡಿ ಎನ್ನುವವರಿದ್ದಾರೆ. ಅವರ ಕೈಯಲ್ಲಿ ಪುರಾವೆಯೂ ಇದೆ. ಕೋಸ್ಟರಿಕಾ ದೇಶ 1970ರ ದಶಕದಲ್ಲಿ ಕಲ್ಚರ್ ಬೇಕೆಂಬ ನಿಯಮವನ್ನೇ ಕೈಬಿಟ್ಟು, ಸ್ಟ್ರೆಪ್ ಎಂಬ ಅನುಮಾನ ಬಂದವರಿಗೆಲ್ಲ ಒಂದು ಬೆಂಜಥೀನ್ ಸೂಜಿ ಹಾಕತೊಡಗಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ರುಮ್ಯಾಟಿಕ್ ಜ್ವರ ಕುಸಿಯಿತು. ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ 1986ರಿಂದ ಹತ್ತು ವರ್ಷ ಜನರಿಗೂ ವೈದ್ಯರಿಗೂ ತಿಳಿವಳಿಕೆ ಕೊಟ್ಟು, ರೋಗಿಗಳ ಪಟ್ಟಿ ಇಟ್ಟು, ಸೂಜಿ ತಪ್ಪದಂತೆ ನೋಡಿಕೊಂಡದ್ದರಿಂದಲೂ ಅದೇ ಫಲ ಬಂತು. ಇನ್ನೊಂದು ಕಡೆ, 2011ರಿಂದ ಶಾಲೆಗಳಲ್ಲೇ ಮಕ್ಕಳ ಗಂಟಲ ದ್ರವ ತೆಗೆದು ನೋಡಿದ ನ್ಯೂಜಿಲೆಂಡಿಗೆ ಸಿಕ್ಕಿದ್ದು ಮಿಶ್ರ ಫಲ.

ನಮ್ಮ ಕಬ್ಬಿನ ಸೀಮೆಯಲ್ಲಿ ಈ ಆಕ್ಷೇಪಕ್ಕೆ ಇನ್ನಷ್ಟು ತೂಕವಿದೆ. ಹಂಗಾಮು ಶುರುವಾದರೆ ಕಬ್ಬು ಕಡಿಯುವ ಗ್ಯಾಂಗುಗಳು ಬೇರೆ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕುತ್ತವೆ. ಒಂದೇ ಗುಡಿಸಲಲ್ಲಿ ಐದಾರು ಜನ ಒತ್ತೊತ್ತಾಗಿ ಮಲಗುವುದು, ಸ್ಟ್ರೆಪ್ ಹಬ್ಬಲು ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಅಲ್ಲಿನ ಮಗುವಿಗೆ ಇವತ್ತು ಗಂಟಲಲ್ಲಿ ಕೀವು ಕಂಡರೆ, ಎರಡು ದಿನದ ಕಲ್ಚರ್ ವರದಿ ಬರುವಷ್ಟರಲ್ಲಿ ಗ್ಯಾಂಗು ಇನ್ನೊಂದು ಊರಿನ ಗದ್ದೆಯಲ್ಲಿರುತ್ತದೆ. ಹತ್ತು ದಿನದ ಗುಳಗಿಯನ್ನು ಲೆಕ್ಕವಿಟ್ಟು ಕೊಡಲು ತಾಯಿಗೆ ಬೆಳಗಿನ ನಾಲ್ಕರಿಂದ ರಾತ್ರಿಯವರೆಗೆ ಬಿಡುವಿಲ್ಲ. ಅಂಥ ಮಗುವಿಗೆ ನಾನಾದರೂ ಕಾರ್ಡಿನ ವಾದ ಮಾಡಲಾರೆ. ನಾಲ್ಕು ಗುರುತು ಇದ್ದರೆ ಒಂದು ಸೂಜಿ, ಅಲ್ಲೇ, ಆಗಲೇ. ಕಾರ್ಡು ನೆಗೆಟಿವ್ ಬಂದು ಬಿಟ್ಟುಹೋಗುವ ನಾಲ್ವರಲ್ಲಿ ಈ ಮಗು ಒಂದಾಗಬಾರದು.

ಹಾಗಾದರೆ ಕಾರ್ಡು ಯಾರಿಗೆ? ಊರಲ್ಲೇ ಇರುವ, ಮತ್ತೆ ನಾಳೆ ಬಂದು ತೋರಿಸಬಲ್ಲ, ಲಕ್ಷಣಗಳು ಅರ್ಧ ಅತ್ತ ಅರ್ಧ ಇತ್ತ ಇರುವ ಮಗುವಿಗೆ. ಮಮದಾಪುರದ ಬಹುಪಾಲು ಮಕ್ಕಳು ಇದೇ ಗುಂಪಿನವರು. ಕೋಸ್ಟರಿಕಾ ಮಾಡಿದ್ದು ಒಂದು ಶಿಸ್ತು: ಅನುಮಾನ ಬಂದವರಿಗೆ ಸರಿಯಾದ ಔಷಧಿ, ಸರಿಯಾದ ಪ್ರಮಾಣ. ನಾವು ಮಾಡುತ್ತಿರುವುದು ಎಲ್ಲರಿಗೂ ಯಾವುದೋ ಔಷಧಿ, ಸಿಕ್ಕಷ್ಟು ದಿನ. ಇದನ್ನು ‘ಪರೀಕ್ಷೆ ಇಲ್ಲದೆ ಚಿಕಿತ್ಸೆ’ಯ ಮಾದರಿ ಎಂದು ಕರೆದುಕೊಳ್ಳುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ಡಾಕ್ಟರರ ಕೈಗೆ ಕಾರ್ಡು ಕೊಟ್ಟರೆ ಸಿಗುವ ದೊಡ್ಡ ಲಾಭ ‘ಇಲ್ಲ’ ಎನ್ನುವ ಧೈರ್ಯ. ‘ನೋಡ್ರಿ, ಒಂದ್ ಗೆರಿ ಬಂದೈತಿ, ಸೂಜಿ ಬ್ಯಾಡ, ಪ್ಯಾರಸಿಟಮಾಲ್ ಸಾಕು’ ಎಂದು ತೋರಿಸಿ ಹೇಳಬಹುದು. ಬರೀ ಬಾಯಿಮಾತಿಗೆ ಒಪ್ಪದ ಅಪ್ಪ ಗೆರೆಯನ್ನು ಒಪ್ಪುತ್ತಾನೆ. ಆಂಟಿಬಯೋಟಿಕ್ ಪಾಕೀಟಿನ ಮೇಲಿನ ಕೆಂಪು ಗೆರೆ ‘ಚೀಟಿ ಇಲ್ಲದೆ ಮಾರಬೇಡಿ’ ಎಂದು ವರ್ಷಗಳಿಂದ ಕೂಗುತ್ತಿದ್ದರೂ ಕೇಳದ ನಮಗೆ, ಈ ಗೆರೆಯಾದರೂ ಕೇಳಿಸಬಹುದು.

ಬೆಲೆಯ ಮಾತು ಬರುತ್ತದೆ. ಒಂದು ಕಾರ್ಡಿನ ಬೆಲೆ ಅಮಾಕ್ಸಿಸಿಲಿನ್ ಗುಳಗಿಗಳ ಬೆಲೆಗಿಂತ ಹೆಚ್ಚಾಗಬಹುದು ಎಂಬುದು ನಿಜ. ಅದಕ್ಕೇ ಇದನ್ನು ರೋಗಿಯ ಜೇಬಿಗೆ ಬಿಡಬಾರದು ಎನ್ನುತ್ತೇನೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳಲ್ಲಿ ಹುಡುಕಬೇಕಾದ 30 ತೊಂದರೆಗಳ ಪಟ್ಟಿಯಿದೆ. ರುಮ್ಯಾಟಿಕ್ ಹೃದ್ರೋಗ ಅದರಲ್ಲಿ ಒಂದು. ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರುತ್ತದೆ, ಎದೆಗೆ ಸ್ಟೆಥೋಸ್ಕೋಪು ಇಡುತ್ತದೆ. ಕೆಟ್ಟ ಕವಾಟವನ್ನು ಸರ್ಕಾರದ ಖರ್ಚಿನಲ್ಲಿ ಹುಡುಕುವ, ಸರ್ಕಾರದ ಯೋಜನೆಯಲ್ಲೇ ಶಸ್ತ್ರಚಿಕಿತ್ಸೆ ಮಾಡಿಸುವ ವ್ಯವಸ್ಥೆ, ಕವಾಟ ಕೆಡುವ ಮೊದಲಿನ ಹತ್ತು ನಿಮಿಷದ ಪರೀಕ್ಷೆಗೆ ಹಣವಿಲ್ಲ ಎಂದರೆ ಒಪ್ಪುವುದು ಹೇಗೆ?

ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆರೋಗ್ಯ ರಕ್ಷಾ ಸಮಿತಿ ಇದೆ, ಅದರ ಕೈಯಲ್ಲಿ ಸ್ಥಳೀಯ ಅಗತ್ಯಕ್ಕೆಂದು ಬರುವ ಸ್ವಲ್ಪ ಹಣವಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸಮಿತಿ ಸದಸ್ಯರು ಮುಂದಿನ ಸಭೆಯಲ್ಲಿ ಎರಡು ವಿಷಯ ಕೇಳಲಿ: ನಮ್ಮ ಕೇಂದ್ರದಲ್ಲಿ ಬೆಂಜಥೀನ್ ಪೆನಿಸಿಲಿನ್ ಇದೆಯೇ, ಸ್ಟ್ರೆಪ್ ಕಾರ್ಡಿನ ಒಂದು ಪೆಟ್ಟಿಗೆ ತರಿಸಬಹುದೇ? ಮೊದಲನೆಯದು ಇಲ್ಲವಾದರೆ ಮೊದಲು ಅದನ್ನೇ ತರಿಸಲಿ. ಔಷಧಿ ಇಲ್ಲದ ಕಡೆ ಕಾರ್ಡಿನಿಂದ ಪ್ರಯೋಜನವಿಲ್ಲ.